ಬೆಕ್ಕು: ಮನೆಯೊಳಗೆ ಸುಳಿದಾಡುವ ಜೀವ

ನಿಮ್ಮ ಮನೆಯಲ್ಲಿ ಬೆಕ್ಕಿದೆಯೇ? ಈ ಪ್ರಶ್ನೆ ಕೇಳಿದರೆ ಹೆಚ್ಚಿನ ಗೃಹಿಣಿಯರು ಕೊಡುವ ಉತ್ತರ ಒಂದೇ: “ನಾವೇನೂ ಸಾಕಿದ್ದಲ್ಲ, ಅದೇ ಬಂದು ಸೇರಿಕೊಂಡಿದೆ.” ಹೌದು, ನಾಯಿಯನ್ನು ನಾವು ಹುಡುಕಿ ತರುತ್ತೇವೆ, ಕೋಳಿ ಕುರಿಗಳನ್ನು ಹಣ ಕೊಟ್ಟು ತರುತ್ತೇವೆ. ಬೆಕ್ಕು ಮಾತ್ರ ತಾನೇ ಮನೆಯನ್ನು ಆರಿಸಿಕೊಂಡು ಬರುತ್ತದೆ. ಮೊದಲ ದಿನ ಹಿತ್ತಿಲ ಗೋಡೆಯ ಮೇಲೆ, ಮೂರನೆಯ ದಿನ ಅಡುಗೆಮನೆಯ ಹೊಸ್ತಿಲಲ್ಲಿ, ವಾರ ಕಳೆಯುವಷ್ಟರಲ್ಲಿ ಮಕ್ಕಳ ಹೊದಿಕೆಯೊಳಗೆ! ಯಾರನ್ನೂ ಕೇಳದೆ, ಯಾರಿಗೂ ಹೇಳದೆ ಅದು ಮನೆಯ ಸದಸ್ಯನಾಗಿಬಿಡುತ್ತದೆ.

ಕರಾವಳಿಯಲ್ಲಿ ಅದು ಪುಚ್ಚೆ. ಬೆಂಗಳೂರು, ತುಮಕೂರು, ಕೋಲಾರದ ಹಳ್ಳಿಗಳಲ್ಲಿ ಕೊತ್ತಿ. ಉರ್ದು ಮಾತಾಡುವ ಮನೆಗಳಲ್ಲಿ ಬಿಲ್ಲಿ. ಹೆಸರು ಯಾವುದಾದರೇನು, ಮೀನು ಹೆಚ್ಚುವ ಹೊತ್ತಿಗೆ ಕಾಲಿಗೆ ಸುತ್ತಿಕೊಂಡು ರಾಗ ತೆಗೆಯುವ ರೀತಿ ಎಲ್ಲೆಡೆಯೂ ಒಂದೇ.

ಆದರೆ ಸಹೋದರಿಯರೇ, ತಾನಾಗಿಯೇ ಬಂದ ಈ ಜೀವದ ಬಗ್ಗೆ ನಮಗೇನಾದರೂ ಹೊಣೆ ಇದೆಯೇ? ಅದು ಮರಿ ಹಾಕಿದಾಗ, ಕಾಯಿಲೆ ಬಿದ್ದಾಗ ನಾವೇನು ಮಾಡಬೇಕು? ಮನೆಯ ಬೆಕ್ಕಿಗೂ ಹೊಲದಾಚೆಯ ಕಾಡುಬೆಕ್ಕಿಗೂ ಏನು ಸಂಬಂಧ? ಈ ಪ್ರಶ್ನೆಗಳನ್ನು ಒಂದೊಂದಾಗಿ ನೋಡೋಣ.

ಧಾನ್ಯದ ಬೆನ್ನು ಹತ್ತಿ ಬಂದ ನೆಂಟ

ನೆಲಮಂಗಲ ತಾಲೂಕಿನ ತ್ಯಾಮಗೊಂಡ್ಲು ಒಂದು ಹೋಬಳಿ ಕೇಂದ್ರ. ದವಸಧಾನ್ಯದ ವ್ಯಾಪಾರಕ್ಕೆ ಹಿಂದಿನಿಂದಲೂ ಹೆಸರಾದ ಪೇಟೆ. ಸುತ್ತಲಿನ ಹಳ್ಳಿಗಳಲ್ಲಿ ರಾಗಿ, ಅವರೆ, ತೆಂಗು, ಅಡಿಕೆ. ಇಂಥ ಊರಲ್ಲಿ ಬೆಕ್ಕಿಲ್ಲದ ಬೀದಿ ಇರಲು ಸಾಧ್ಯವೇ? ರಾಗಿ ಚೀಲ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಬೆಕ್ಕು. ಬೆಕ್ಕು ಮತ್ತು ಮನುಷ್ಯರ ಸ್ನೇಹದ ಇಡೀ ಚರಿತ್ರೆ ಈ ಒಂದು ಸಾಲಿನಲ್ಲೇ ಇದೆ.

ಸುಮಾರು 10 ಸಾವಿರ ವರ್ಷಗಳ ಹಿಂದೆ ಪಶ್ಚಿಮ ಏಷ್ಯಾದ ಜನರು ಬೇಸಾಯ ಕಲಿತು ಧಾನ್ಯ ಕೂಡಿಡತೊಡಗಿದರು. ಧಾನ್ಯಕ್ಕೆ ಇಲಿಗಳು ಬಂದವು. ಇಲಿಗಳನ್ನು ಹುಡುಕಿಕೊಂಡು ಅಲ್ಲಿನ ಕಾಡುಬೆಕ್ಕುಗಳು ಬಂದವು. ಯಾರೂ ಅವುಗಳನ್ನು ಹಿಡಿದು ಪಳಗಿಸಲಿಲ್ಲ. ಹೆದರಿಕೆ ಕಡಿಮೆಯಿದ್ದ ಬೆಕ್ಕುಗಳು ಜನರ ಹತ್ತಿರ ಉಳಿದವು, ಉಳಿದವು ಕಾಡಿಗೆ ಹಿಂದಿರುಗಿದವು. ಪ್ರಪಂಚದ ಎಲ್ಲ ಮನೆಬೆಕ್ಕುಗಳೂ ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ಒಂದೇ ಜಾತಿಯ ಕಾಡುಬೆಕ್ಕಿನ ಸಂತತಿಯೆಂದು 2007ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನವೊಂದು ತೋರಿಸಿಕೊಟ್ಟಿತು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷ ಹಳೆಯ ಒಂದು ಗೋರಿಯಲ್ಲಿ ಮನುಷ್ಯನ ಪಕ್ಕದಲ್ಲೇ ಬೆಕ್ಕನ್ನೂ ಹೂತಿದ್ದುದು ಪತ್ತೆಯಾದ ಸುದ್ದಿ 2004ರಲ್ಲಿ ಬಂತು. ಅಷ್ಟು ಹಿಂದೆಯೇ ಯಾರೋ ಒಬ್ಬರಿಗೆ ಬೆಕ್ಕು ಅಷ್ಟೊಂದು ಆಪ್ತವಾಗಿತ್ತು!

ಅದರ ಭಾಷೆ ನಿಮಗೆ ಅರ್ಥವಾಗುತ್ತದೆಯೇ?

ಬೆಕ್ಕು ಸ್ವಾರ್ಥಿ, ಅದಕ್ಕೆ ಮನೆಯ ಮೇಲೆ ಪ್ರೀತಿಯೇ ಹೊರತು ಮನೆಯವರ ಮೇಲಲ್ಲ ಎಂಬ ಮಾತನ್ನು ನೀವೂ ಕೇಳಿರುತ್ತೀರಿ. ಅದು ನಿಜವಲ್ಲ. ದೊಡ್ಡ ಬೆಕ್ಕುಗಳು ತಮ್ಮ ತಮ್ಮಲ್ಲಿ ‘ಮ್ಯಾಂವ್’ ಎನ್ನುವುದು ತೀರಾ ಅಪರೂಪ. ಮರಿಯಾಗಿದ್ದಾಗ ತಾಯಿಯನ್ನು ಕರೆಯಲು ಬಳಸಿದ ಆ ದನಿಯನ್ನು ಅವು ದೊಡ್ಡವಾದ ಮೇಲೂ ನಮಗಾಗಿಯೇ ಉಳಿಸಿಕೊಂಡಿವೆ. ಅಂದರೆ ನಿಮ್ಮ ಬೆಕ್ಕು ನಿಮ್ಮನ್ನು ತಾಯಿಯ ಸ್ಥಾನದಲ್ಲಿಟ್ಟು ಕೂಗುತ್ತಿದೆ ಎಂದಾಯಿತು!

ಬೆಕ್ಕಿಗೆ ತನ್ನ ಹೆಸರು ಗೊತ್ತಾಗುತ್ತದೆ ಎಂದು 2019ರಲ್ಲಿ ಜಪಾನಿನ ಸಂಶೋಧಕರು ಪರೀಕ್ಷಿಸಿ ಹೇಳಿದರು. ಕರೆದಾಗ ಬರದಿದ್ದರೆ ಅದಕ್ಕೆ ಕೇಳಿಸಿಲ್ಲ ಎಂದಲ್ಲ, ಬರಲು ಮನಸ್ಸಿಲ್ಲ ಎಂದಷ್ಟೇ ಅರ್ಥ. 2020ರಲ್ಲಿ ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು ಇನ್ನೊಂದು ಸಂಗತಿ ಕಂಡುಕೊಂಡರು. ಬೆಕ್ಕಿನ ಕಡೆ ನೋಡುತ್ತಾ ಕಣ್ಣುಗಳನ್ನು ನಿಧಾನವಾಗಿ ಅರೆಮುಚ್ಚಿ ತೆರೆದರೆ ಅದೂ ಹಾಗೆಯೇ ಮಾಡುತ್ತದೆ, ಹತ್ತಿರ ಬರಲು ಧೈರ್ಯ ತಾಳುತ್ತದೆ. ಇಂದು ರಾತ್ರಿ ಊಟವಾದ ಮೇಲೆ ನೀವೂ ಮಾಡಿ ನೋಡಿ.

ಬಿಳಿ, ಕಪ್ಪು, ಕೇಸರಿ ಮೂರೂ ಬಣ್ಣವಿರುವ ಬೆಕ್ಕು ನಿಮ್ಮ ಬೀದಿಯಲ್ಲಿದೆಯೇ? ಹಾಗಿದ್ದರೆ ಅದು ಬಹುಮಟ್ಟಿಗೆ ಹೆಣ್ಣೇ. ಕೇಸರಿ ಬಣ್ಣದ ಗುಣ ಎಕ್ಸ್ ವರ್ಣತಂತುವಿನಲ್ಲಿದೆ. ಹೆಣ್ಣಿಗೆ ಅಂಥ ಎರಡು ತಂತುಗಳಿರುವುದರಿಂದ ಒಂದೇ ಮೈಯಲ್ಲಿ ಕಪ್ಪೂ ಕೇಸರಿಯೂ ಸೇರಲು ಸಾಧ್ಯ. ಗಂಡಿನಲ್ಲಿ ಇದು ಅಪರೂಪದಲ್ಲಿ ಅಪರೂಪ. ಅಲ್ಲಾಹನ ಸೃಷ್ಟಿಯ ಸೂಕ್ಷ್ಮ ಅಡುಗೆಮನೆಯ ಮೂಲೆಯಲ್ಲಿ ಮಲಗಿರುವ ಬೆಕ್ಕಿನ ತುಪ್ಪಳದಲ್ಲೂ ಇದೆ.

ಸೊಸೆಯ ಅಚ್ಚರಿ

ಬೆಕ್ಕು ಮುಟ್ಟಿದ ಪಾತ್ರೆ ಅಶುದ್ಧವೇ? ವುಝೂವಿನ ನೀರಿಗೆ ಅದು ಬಾಯಿ ಹಾಕಿದರೆ ಚೆಲ್ಲಬೇಕೇ? ಮುಸ್ಲಿಮ್ ಮನೆಗಳಲ್ಲಿ ಆಗಾಗ ಏಳುವ ಪ್ರಶ್ನೆಯಿದು. ಇದಕ್ಕೆ ಉತ್ತರವಿರುವುದು ಒಂದು ಮನೆಯೊಳಗಿನ ಪ್ರಸಂಗದಲ್ಲೇ.

ಸಹಾಬಿ ಅಬೂ ಕತಾದಾ(ರ) ತಮ್ಮ ಮಗನ ಮನೆಗೆ ಬಂದಿದ್ದರು. ಸೊಸೆ ಕಬ್ಶಾ ಮಾವನಿಗೆ ವುಝೂ ಮಾಡಲು ನೀರು ತುಂಬಿಟ್ಟರು. ಅಷ್ಟರಲ್ಲಿ ಒಂದು ಬೆಕ್ಕು ನೀರು ಕುಡಿಯಲು ಬಂತು. ಮಾವ ಅದನ್ನು ಓಡಿಸಲಿಲ್ಲ. ಅದಕ್ಕೆ ಎಟುಕುವಂತೆ ಪಾತ್ರೆಯನ್ನು ವಾಲಿಸಿ ಹಿಡಿದರು, ಅದು ದಣಿವಾರುವವರೆಗೆ ಕುಡಿಯಿತು. ಸೊಸೆ ಬೆರಗಾಗಿ ನೋಡುತ್ತಿರುವುದನ್ನು ಕಂಡು ಅವರು, ಬೆಕ್ಕು ಅಶುದ್ಧವಲ್ಲವೆಂದೂ ಅದು ನಮ್ಮ ನಡುವೆ ಸುಳಿದಾಡುತ್ತಿರುವ ಜೀವಗಳಲ್ಲಿ ಸೇರಿದ್ದೆಂದೂ ಪ್ರವಾದಿ(ಸ) ತಿಳಿಸಿದ್ದನ್ನು ಹೇಳಿದರು. ಅಬೂ ದಾವೂದ್, ತಿರ್ಮಿದಿ ಮುಂತಾದ ಗ್ರಂಥಗಳಲ್ಲಿ ಈ ವರದಿಯಿದೆ. ಹ. ಆಯಿಶಾ(ರ) ನಮಾಝ್‌ನಲ್ಲಿದ್ದಾಗ ಯಾರೋ ಹರೀಸ ತಂದಿಟ್ಟರು, ಬೆಕ್ಕು ಬಂದು ಸ್ವಲ್ಪ ತಿಂದಿತು. ನಮಾಝ್ ಮುಗಿಸಿದ ಅವರು ಬೆಕ್ಕು ತಿಂದ ಭಾಗದಿಂದಲೇ ತಿಂದರೆಂಬ ವರದಿಯೂ ಅಬೂ ದಾವೂದ್‌ನಲ್ಲಿದೆ.

ಅತಿ ಹೆಚ್ಚು ಹದೀಸ್‌ಗಳನ್ನು ವರದಿ ಮಾಡಿದ ಸಹಾಬಿಯ ಹೆಸರೇ ಅಬೂ ಹುರೈರಾ(ರ), ಅಂದರೆ ಬೆಕ್ಕಿನಮರಿಯ ತಂದೆ! ಕುರಿ ಕಾಯುವ ಹುಡುಗನಾಗಿದ್ದಾಗ ಅವರ ಬಳಿ ಒಂದು ಪುಟ್ಟ ಮರಿಯಿತ್ತು. ಹಗಲೆಲ್ಲ ಅದರೊಂದಿಗೆ ಆಟ, ರಾತ್ರಿ ಅದನ್ನು ಮರದ ಮೇಲೆ ಮಲಗಿಸುವುದು. ಹೀಗೆ ಬಂದ ಹೆಸರು ಅವರ ನಿಜ ಹೆಸರನ್ನೇ ಮರೆಸಿತು.

ಇಲ್ಲೊಂದು ಎಚ್ಚರಿಕೆಯ ಮಾತು. ‘ಮುಇಝ್ಝಾ’ ಎಂಬ ಬೆಕ್ಕು ಪ್ರವಾದಿ(ಸ)ಯವರ ಅಂಗಿಯ ತೋಳಿನ ಮೇಲೆ ಮಲಗಿತ್ತು, ಅದನ್ನು ಎಬ್ಬಿಸದಿರಲು ಅವರು ತೋಳನ್ನೇ ಕತ್ತರಿಸಿದರು ಎಂಬ ಕಥೆ ಮೊಬೈಲ್‌ಗಳಲ್ಲಿ ಹರಿದಾಡುತ್ತಿದೆ. ಹದೀಸ್ ಗ್ರಂಥಗಳಲ್ಲಿ ಇದಕ್ಕೆ ಆಧಾರವಿಲ್ಲ. ಬೆಕ್ಕಿನ ಪ್ರೀತಿ ಈಮಾನಿನ ಭಾಗ ಎಂಬ ಮಾತನ್ನೂ ವಿದ್ವಾಂಸರು ಕಟ್ಟುಕಥೆಯೆಂದು ತಳ್ಳಿಹಾಕಿದ್ದಾರೆ. ಕರುಣೆಗೆ ನಿಜವಾದ ಆಧಾರಗಳೇ ಸಾಕಷ್ಟಿರುವಾಗ ಸುಳ್ಳು ಕಥೆಗಳ ಹಂಗು ನಮಗೇಕೆ?

ಹಾಗೆಯೇ ಬೆಕ್ಕು ಅಡ್ಡ ಬಂತೆಂದು ಹೊರಟ ಕೆಲಸ ನಿಲ್ಲಿಸುವುದು, ಕರಿಬೆಕ್ಕು ಕಂಡರೆ ಕಲ್ಲೆಸೆಯುವುದು. ಶಕುನ ನೋಡುವುದನ್ನು ಇಸ್ಲಾಮ್ ಒಪ್ಪುವುದಿಲ್ಲ. ಬೆಕ್ಕು ಅಡ್ಡ ಬಂದರೆ ಅದಕ್ಕೂ ಆ ಕಡೆ ಏನೋ ಕೆಲಸವಿದೆ ಎಂದಷ್ಟೇ ಅರ್ಥ.

ಗೋಣಿಚೀಲದೊಳಗಿನ ಕೂಗು

ಈಗ ಸ್ವಲ್ಪ ಕಹಿಯಾದ ವಿಷಯಕ್ಕೆ ಬರೋಣ.

ಬೆಕ್ಕು ಅಟ್ಟದ ಮೇಲೋ ಹುಲ್ಲಿನ ಬಣವೆಯಲ್ಲೋ ಮರಿ ಹಾಕುತ್ತದೆ. ಮೂರೋ ನಾಲ್ಕೋ ಮರಿಗಳು. ಮನೆಯ ಹಿರಿಯರಿಗೆ ರಗಳೆ. “ಇಷ್ಟನ್ನೆಲ್ಲ ಯಾರು ನೋಡಿಕೊಳ್ಳುತ್ತಾರೆ? ಎಲ್ಲಾದರೂ ಬಿಟ್ಟು ಬಾ” ಎಂದು ಅಪ್ಪಣೆಯಾಗುತ್ತದೆ. ಹುಡುಗನೊಬ್ಬ ಮರಿಗಳನ್ನು ಗೋಣಿಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ಸೈಕಲ್ಲಿಗೆ ನೇತುಹಾಕಿಕೊಂಡು ಹೋಗುತ್ತಾನೆ. ಸಂತೆ ಮಾಳದಲ್ಲಿ, ಮೀನಿನ ಅಂಗಡಿಯ ಹಿಂದೆ, ಹೆದ್ದಾರಿಯ ಬದಿಯಲ್ಲಿ ಚೀಲ ಬಿಚ್ಚಿ ಕೊಡವುತ್ತಾನೆ. ಕಣ್ಣು ಸರಿಯಾಗಿ ತೆರೆಯದ ಮರಿಗಳು! ಮನೆಯಲ್ಲಿ ತಾಯಿಬೆಕ್ಕು ಎರಡು ಮೂರು ದಿನ ಅಟ್ಟ, ಹಿತ್ತಿಲು, ಕೋಣೆಗಳನ್ನೆಲ್ಲ ಸುತ್ತಿ ಕೂಗುತ್ತದೆ. ಆ ಕೂಗು ಕೇಳಿ ನಿದ್ದೆ ಬಾರದ ತಾಯಂದಿರು ನಿಮ್ಮಲ್ಲೂ ಇರಬಹುದು.

ಮರಿಗಳು ಹುಟ್ಟಿ 7ರಿಂದ 14 ದಿನಗಳಲ್ಲಿ ಕಣ್ಣು ತೆರೆಯುತ್ತವೆ. ಕನಿಷ್ಠ 8 ವಾರ ಅವು ತಾಯಿಯ ಜೊತೆಗಿರಬೇಕು. ಅದಕ್ಕಿಂತ ಮೊದಲು ಬೇರೆ ಮಾಡಿದರೆ ಹಸಿವು, ಚಳಿ, ನಾಯಿ, ವಾಹನ ಇವುಗಳಲ್ಲಿ ಯಾವುದಾದರೊಂದು ಅವುಗಳನ್ನು ಮುಗಿಸುತ್ತದೆ. ಬಿಟ್ಟು ಬಂದೆವು ಎಂದು ನಾವು ಸಮಾಧಾನ ಪಟ್ಟುಕೊಳ್ಳುತ್ತೇವೆ. ನಿಜವಾಗಿ ಅದು ನಮ್ಮ ಕಣ್ಣೆದುರು ನಡೆಯದ ಸಾವು, ಅಷ್ಟೇ.

ಬೆಕ್ಕೊಂದನ್ನು ಕಟ್ಟಿಹಾಕಿ ಸಾಯಿಸಿದ ಕಾರಣಕ್ಕೆ ಶಿಕ್ಷೆಗೆ ಗುರಿಯಾದ ಮಹಿಳೆಯ ವಿಷಯ ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಬಂದಿದೆ. ಆಕೆಯ ತಪ್ಪೇನು? ತಾನೂ ಉಣಿಸಲಿಲ್ಲ, ನೆಲದ ಮೇಲೆ ಸಿಗುವುದನ್ನು ಹಿಡಿದು ತಿನ್ನಲು ಬಿಡಲೂ ಇಲ್ಲ. ಇದನ್ನು ಗಮನವಿಟ್ಟು ಯೋಚಿಸಿದರೆ ಎರಡು ಹೊಣೆಗಳು ಕಾಣುತ್ತವೆ. ಕೈವಶ ಇಟ್ಟುಕೊಂಡರೆ ಉಣಿಸಬೇಕು. ಇಲ್ಲವೇ ತಾನಾಗಿ ಬದುಕಬಲ್ಲ ಜೀವವನ್ನು ಅದರ ಪಾಡಿಗೆ ಬಿಡಬೇಕು. ಬದುಕಲಾರದ ಹಸುಗೂಸನ್ನು ಬೀದಿಗೆ ಎಸೆಯುವುದು ಈ ಎರಡರಲ್ಲಿ ಯಾವುದಕ್ಕೂ ಸೇರದು. ಸಾವಿರಾರು ರೂಪಾಯಿ ಕೊಟ್ಟು ತಂದ ಪರ್ಷಿಯನ್ ಬೆಕ್ಕನ್ನು ಇಡೀ ದಿನ ಪಂಜರದಲ್ಲಿ ಕೂಡಿಹಾಕಿ, ತುಪ್ಪಳ ಗಂಟುಕಟ್ಟಿದರೂ ಬಾಚದೆ ಇರುವುದೂ ಇದೇ ಪ್ರಶ್ನೆಯ ಮುಂದೆ ನಿಲ್ಲುತ್ತದೆ.

ಮುಸ್ಲಿಮ್ ಚರಿತ್ರೆಯಲ್ಲಿ ಇನ್ನೊಂದು ಮಾದರಿಯಿದೆ. 1260ರಿಂದ 1277ರ ವರೆಗೆ ಈಜಿಪ್ಟನ್ನು ಆಳಿದ ಸುಲ್ತಾನ್ ಬೈಬರ್ಸ್, ಕೈರೋದ ತನ್ನ ಮಸೀದಿಯ ಬಳಿಯ ತೋಟವೊಂದನ್ನು ದಿಕ್ಕಿಲ್ಲದ ಬೆಕ್ಕುಗಳ ಪೋಷಣೆಗೆಂದು ವಕ್ಫ್ ಮಾಡಿದ್ದನೆಂದು ಹೇಳಲಾಗುತ್ತದೆ. ಇಂದಿಗೂ ಇಸ್ತಾಂಬುಲ್ ನಗರದ ಬೀದಿಗಳಲ್ಲಿ ಅಂಗಡಿಯವರೂ ಮನೆಯವರೂ ಸೇರಿ ಬೆಕ್ಕುಗಳಿಗೆ ನೀರು, ಆಹಾರ ಇಡುತ್ತಾರೆ. ಬೆಕ್ಕು ಯಾರೊಬ್ಬರದೂ ಅಲ್ಲ, ಇಡೀ ಬೀದಿಯದು.

ಮರಿಗಳು ಹೆಚ್ಚದಿರಲು

ಹಾಗಾದರೆ ಎಲ್ಲ ಮರಿಗಳನ್ನೂ ಸಾಕಲು ಸಾಧ್ಯವೇ? ಖಂಡಿತ ಇಲ್ಲ. ಹೆಣ್ಣುಬೆಕ್ಕು ಐದಾರು ತಿಂಗಳಿಗೇ ಗರ್ಭ ಧರಿಸಬಲ್ಲದು. ಗರ್ಭದ ಅವಧಿ ಸುಮಾರು 9 ವಾರ. ವರ್ಷಕ್ಕೆ ಎರಡು ಮೂರು ಸಲ ಮರಿ ಹಾಕುತ್ತದೆ. ಲೆಕ್ಕ ನೀವೇ ಹಾಕಿ!

ಮರಿಗಳನ್ನು ಎಸೆಯುವುದಕ್ಕಿಂತ ಹುಟ್ಟದಂತೆ ನೋಡಿಕೊಳ್ಳುವುದು ಕರುಣೆಯ ದಾರಿ. ಬೆಕ್ಕಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಬಹುದು. ಮತ್ತು ಬರಿಸಿ ಮಾಡುವುದರಿಂದ ನೋವು ಗೊತ್ತಾಗುವುದಿಲ್ಲ. ಕೆಲವು ದಿನಗಳ ಆರೈಕೆಯಲ್ಲಿ ಅದು ಮೊದಲಿನಂತಾಗುತ್ತದೆ. ಗಂಡುಬೆಕ್ಕಾದರೆ ಜಗಳವಾಡಿ ಗಾಯ ಮಾಡಿಕೊಳ್ಳುವುದು, ಮೂಲೆಮೂಲೆಯಲ್ಲಿ ಮೂತ್ರ ಸಿಂಪಡಿಸುವುದು ಬಹಳ ಕಡಿಮೆಯಾಗುತ್ತದೆ. ಧರ್ಮದ ದೃಷ್ಟಿಯಿಂದ ಇದು ಸರಿಯೇ ಎಂದು ಕೆಲವರು ಕೇಳುತ್ತಾರೆ. ವಿದ್ವಾಂಸರಲ್ಲಿ ಇದರ ಬಗ್ಗೆ ಭಿನ್ನಾಭಿಪ್ರಾಯವಿದೆ. ಪ್ರಾಣಿಗೆ ಅಪಾಯವಾಗದಂತೆ, ದೊಡ್ಡ ಹಾನಿಯನ್ನು ತಪ್ಪಿಸಲು ಮಾಡುವುದಾದರೆ ಅಡ್ಡಿಯಿಲ್ಲವೆಂದು ಹಲವರು ಹೇಳಿದ್ದಾರೆ. ಸಂದೇಹವಿದ್ದವರು ತಮ್ಮ ಊರಿನ ಆಲಿಮರನ್ನು ಕೇಳಿ ತಿಳಿದುಕೊಳ್ಳಲಿ.

ತ್ಯಾಮಗೊಂಡ್ಲು, ನೆಲಮಂಗಲದ ಕಡೆಯವರು ಮೊದಲು ಹತ್ತಿರದ ಪಶು ಆಸ್ಪತ್ರೆಯಲ್ಲಿ ವಿಚಾರಿಸಬಹುದು. ದೊಡ್ಡ ಚಿಕಿತ್ಸೆ ಬೇಕಾದರೆ ಬೆಂಗಳೂರಿನ ಹೆಬ್ಬಾಳದಲ್ಲಿ 1958ರಲ್ಲಿ ಆರಂಭವಾದ ಪಶುವೈದ್ಯಕೀಯ ಕಾಲೇಜಿದೆ, ಅದರ ಆಸ್ಪತ್ರೆಯಲ್ಲಿ ಬೆಕ್ಕು ನಾಯಿಗಳಿಗೂ ಚಿಕಿತ್ಸೆ ಸಿಗುತ್ತದೆ. 1991ರಿಂದ ಕೆಲಸ ಮಾಡುತ್ತಿರುವ ಕ್ಯೂಪಾದಂಥ ಪ್ರಾಣಿದಯಾ ಸಂಸ್ಥೆಗಳೂ ಬೆಂಗಳೂರಿನಲ್ಲಿವೆ. ಬೆಕ್ಕನ್ನು ಕೊಂಡೊಯ್ಯುವಾಗ ಗಾಳಿಯಾಡುವ ಬುಟ್ಟಿಯಲ್ಲಿಟ್ಟು ಮೇಲೆ ತೆಳು ಬಟ್ಟೆ ಹೊದಿಸಿ. ಕತ್ತಲಿದ್ದರೆ ಅದಕ್ಕೆ ಗಾಬರಿ ಕಡಿಮೆ.

ಏನು ತಿನ್ನಿಸಬೇಕು, ಏನು ಕೂಡದು?

ಬೆಕ್ಕೆಂದರೆ ಹಾಲು ಎಂಬುದು ನಮ್ಮ ನಂಬಿಕೆ. ಗಾದೆಗಳಲ್ಲೂ ಅದು ಕಣ್ಣು ಮುಚ್ಚಿ ಹಾಲನ್ನೇ ಕುಡಿಯುತ್ತದೆ! ಆದರೆ ಬೆಳೆದ ಬೆಕ್ಕುಗಳಲ್ಲಿ ಹೆಚ್ಚಿನವುಗಳಿಗೆ ಹಸುವಿನ ಹಾಲು ಜೀರ್ಣವಾಗುವುದಿಲ್ಲ, ಭೇದಿಯಾಗುತ್ತದೆ. ಶುದ್ಧ ನೀರು ಎಲ್ಲಕ್ಕಿಂತ ಒಳ್ಳೆಯದು.

ಬೆಕ್ಕು ಪೂರ್ತಿ ಮಾಂಸಾಹಾರಿ. ಟಾರಿನ್ ಎಂಬ ಪೋಷಕಾಂಶ ಅದಕ್ಕೆ ಮಾಂಸ ಮೀನಿನಿಂದಲೇ ಸಿಗಬೇಕು. ಅದು ಸಿಗದಿದ್ದರೆ ಕಣ್ಣು ಹೋಗುತ್ತದೆ, ಹೃದಯ ದುರ್ಬಲವಾಗುತ್ತದೆ ಎಂಬುದು 1970 ಮತ್ತು 80ರ ದಶಕಗಳ ಸಂಶೋಧನೆಗಳಿಂದ ತಿಳಿಯಿತು. ಬರೀ ಹಾಲನ್ನವೋ ಮೊಸರನ್ನವೋ ಹಾಕಿದರೆ ಹೊಟ್ಟೆ ತುಂಬಬಹುದು, ಮೈ ನಿಲ್ಲದು. ನಿಮ್ಮಲ್ಲಿ ಕೋಳಿ, ಮೀನು ತರುವ ದಿನ ಅದರ ಪಾಲು ಉಪ್ಪು ಖಾರವಿಲ್ಲದೆ ಬೇಯಿಸಿ, ಮುಳ್ಳು ಮೂಳೆ ತೆಗೆದು ಕೊಡಿ. ಬೇಯಿಸಿದ ಮೂಳೆ ಸೀಳಿ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಹಸಿ ಕೋಳಿಮಾಂಸವೂ ಬೇಡ. 2025ರ ಆರಂಭದಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಸಾಕುಬೆಕ್ಕುಗಳಲ್ಲೂ ಹಕ್ಕಿಜ್ವರ ಪತ್ತೆಯಾಗಿತ್ತು.

ಈ ಕೆಳಗಿನವನ್ನು ನೆನಪಿಡಿ:

• ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ರಕ್ತವನ್ನು ಕೆಡಿಸುತ್ತವೆ. ಸಾರಿನಲ್ಲಿ ಕಲಸಿದ ಅನ್ನ ಹಾಕಬೇಡಿ.

• ಜ್ವರ ಬಂದಿದೆಯೆಂದು ಪ್ಯಾರಾಸಿಟಮಾಲ್ ಕೊಡಲೇಬೇಡಿ. ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು.

• ಫಿನಾಯಿಲ್ ಹಾಕಿ ಒರೆಸಿದ ನೆಲ ಒಣಗುವವರೆಗೆ ಬೆಕ್ಕನ್ನು ಹೊರಗಿಡಿ. ಪಾದಕ್ಕೆ ಅಂಟಿದ್ದನ್ನು ಅದು ನೆಕ್ಕುತ್ತದೆ.

• ನಾಯಿಗೆಂದು ಇರುವ ಚಿಗಟದ ಔಷಧಿಯನ್ನು ಬೆಕ್ಕಿಗೆ ಹಚ್ಚಬೇಡಿ.

• ಇಲಿಪಾಷಾಣ ಇಟ್ಟರೆ ಅದನ್ನು ತಿಂದ ಇಲಿಯನ್ನು ಹಿಡಿದ ಬೆಕ್ಕಿಗೂ ವಿಷವೇರಬಹುದು. ಬೆಕ್ಕಿದ್ದ ಮನೆಗೆ ಪಾಷಾಣ ಬೇಡ, ಬೋನು ಸಾಕು.

ಬಸುರಿ ಇರುವ ಮನೆಯಲ್ಲಿ ಬೆಕ್ಕು

ಸೊಸೆ ಗರ್ಭಿಣಿಯೆಂದು ಗೊತ್ತಾದ ಕೂಡಲೇ ಮನೆಯ ಬೆಕ್ಕನ್ನು ಹೊರಹಾಕುವವರಿದ್ದಾರೆ. ಭಯಕ್ಕೆ ಕಾರಣವಿಲ್ಲದಿಲ್ಲ. ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿ ಜೀವಿ ಬೆಕ್ಕಿನ ಮಲದ ಮೂಲಕ ಹರಡುತ್ತದೆ. ಗರ್ಭಿಣಿಗೆ ಹೊಸದಾಗಿ ಸೋಂಕು ತಗುಲಿದರೆ ಮಗುವಿಗೆ ಅಪಾಯ. ಆದರೆ ಅರೆಬೆಂದ ಮಾಂಸ, ಸರಿಯಾಗಿ ತೊಳೆಯದ ತರಕಾರಿ, ಮಣ್ಣು ಮೆತ್ತಿದ ಕೈಗಳಿಂದಲೂ ಈ ಸೋಂಕು ಬರುತ್ತದೆ. ಬೆಕ್ಕನ್ನು ಓಡಿಸಿ ಅರೆಬೆಂದ ಕಬಾಬ್ ತಿಂದರೆ ಏನು ಪ್ರಯೋಜನ?

ಬೆಕ್ಕಿನ ಮಲದಲ್ಲಿರುವ ಈ ಜೀವಿ ಸೋಂಕು ತಗುಲಿಸುವ ಹಂತಕ್ಕೆ ಬರಲು 1ರಿಂದ 5 ದಿನ ಬೇಕು. ಆದ್ದರಿಂದ ಅದರ ಮರಳಿನ ಡಬ್ಬಿಯನ್ನು ದಿನಾಲೂ ತೆಗೆದು ಶುಚಿ ಮಾಡಿದರೆ ಅಪಾಯ ಬಹಳ ತಗ್ಗುತ್ತದೆ. ಆ ಕೆಲಸವನ್ನು ಗರ್ಭಿಣಿ ಮಾಡಬಾರದು, ಆ ಕೆಲವು ತಿಂಗಳು ಗಂಡನೇ ಮಾಡಲಿ. ಹಿತ್ತಿಲ ಕೆಲಸ ಮಾಡಿದ ಮೇಲೆ ಕೈಗೆ ಸಾಬೂನು ಹಚ್ಚಿ ತೊಳೆಯಿರಿ. ಸಂದೇಹವಿದ್ದರೆ ವೈದ್ಯರಲ್ಲಿ ಹೇಳಿ ರಕ್ತಪರೀಕ್ಷೆ ಮಾಡಿಸಿ.

ರೇಬೀಸ್ ನಾಯಿಯಿಂದ ಮಾತ್ರವಲ್ಲ, ಬೆಕ್ಕಿನಿಂದಲೂ ಬರುತ್ತದೆ. ಮರಿಗೆ ಮೂರು ತಿಂಗಳಾದಾಗ ಮೊದಲ ಲಸಿಕೆ ಹಾಕಿಸಿ, ಮುಂದೆ ವೈದ್ಯರು ಹೇಳಿದಂತೆ ಮುಂದುವರಿಸಿ. ಬೆಕ್ಕು ಕಚ್ಚಿದರೆ ಅಥವಾ ರಕ್ತ ಬರುವಂತೆ ಪರಚಿದರೆ ಅರಿಶಿನ, ಸುಣ್ಣ ಮೆತ್ತಬೇಡಿ. ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆದು, ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಿ. “ಪರಚಿದ್ದಕ್ಕೆ ಅಮ್ಮೀ ಬೈಯುತ್ತಾರೆ” ಎಂದು ಮಕ್ಕಳು ಮುಚ್ಚಿಡುವುದುಂಟು. ಬೈಯದೆ ಕೇಳಿ, ಆಗ ಅವರು ಹೇಳುತ್ತಾರೆ.

ಹೊಲದಾಚೆಯ ಬಂಧುಗಳು

ಮನೆಬೆಕ್ಕಿಗೆ ಕಾಡಿನಲ್ಲಿ ದೊಡ್ಡ ಬಳಗವಿದೆ. ಭಾರತದಲ್ಲಿ 15 ಜಾತಿಯ ಕಾಡುಬೆಕ್ಕುಗಳಿದ್ದವು, 2022ರ ಸೆಪ್ಟೆಂಬರ್‌ನಲ್ಲಿ ನಮೀಬಿಯಾದಿಂದ ತಂದ ಚೀತಾ ಸೇರಿ 16 ಆದವು. ಹುಲಿ, ಚಿರತೆಗಳೂ ಈ ಬಳಗದವೇ. ಆದರೆ ರಾತ್ರಿ ಮಾಡಿನ ಮೇಲೆ ಓಡಾಡುವ, ಉದ್ದ ಬಾಲದ ಪುನುಗು ಬೆಕ್ಕು ಹೆಸರಿಗೆ ಬೆಕ್ಕಾದರೂ ಬೇರೆಯೇ ಕುಟುಂಬದ್ದು.

ಹೊಲ, ಕೆರೆಯಂಚು, ಕುರುಚಲು ಗಿಡಗಳ ನಡುವೆ ಬದುಕುವ ಕಾಡುಬೆಕ್ಕನ್ನು ನೋಡಿದ್ದೀರಾ? ಮನೆಬೆಕ್ಕಿಗಿಂತ ದೊಡ್ಡದು, ಉದ್ದ ಕಾಲು, ಗಿಡ್ಡ ಬಾಲ, ಕಿವಿಯ ತುದಿಯಲ್ಲಿ ಸಣ್ಣ ಕೂದಲು. ರಾಜಸ್ಥಾನದ ಸರಿಸ್ಕಾದಲ್ಲಿ ನಡೆದ ಅಧ್ಯಯನದ ಪ್ರಕಾರ ಒಂದು ಕಾಡುಬೆಕ್ಕು ದಿನಕ್ಕೆ ಮೂರರಿಂದ ಐದು ಇಲಿಗಳನ್ನು ತಿನ್ನುತ್ತದೆ. ಕೂಲಿ ಕೇಳದೆ ರೈತನ ರಾಗಿ ಕಾಯುವ ಕಾವಲುಗಾರ ಇದು. ಇನ್ನೊಂದು, ತುಕ್ಕಿನ ಬಣ್ಣದ ಚುಕ್ಕೆಗಳುಳ್ಳ ಪುಟ್ಟ ಕಾಡುಬೆಕ್ಕು. ಪೂರ್ತಿ ಬೆಳೆದರೂ ಒಂದೂವರೆ ಕಿಲೋ ದಾಟುವುದು ಕಡಿಮೆ. ಪ್ರಪಂಚದ ಅತಿ ಚಿಕ್ಕ ಬೆಕ್ಕುಗಳಲ್ಲಿ ಒಂದಾದ ಇದು ಭಾರತ, ಶ್ರೀಲಂಕಾ, ನೇಪಾಳಗಳಲ್ಲಿ ಮಾತ್ರ ಇದೆ. ಕರ್ನಾಟಕದ ಒಣಕಾಡುಗಳಲ್ಲೂ ಇದೆ.

ಕಬ್ಬು ಕಡಿಯುವಾಗ, ಬಣವೆ ಬಿಚ್ಚುವಾಗ ಮರಿಗಳು ಸಿಕ್ಕರೆ “ಅಯ್ಯೋ ಪಾಪ, ತಾಯಿಯಿಲ್ಲದವು” ಎಂದು ಮನೆಗೆ ತರಬೇಡಿ. ತಾಯಿ ಬೇಟೆಗೆ ಹೋಗಿರುತ್ತದೆ, ಇಲ್ಲವೇ ನಿಮ್ಮ ಸದ್ದಿಗೆ ಹೆದರಿ ಹತ್ತಿರದಲ್ಲೇ ಅಡಗಿರುತ್ತದೆ. ಮರಿಗಳನ್ನು ಇದ್ದಲ್ಲೇ ಬಿಟ್ಟು ದೂರ ಸರಿಯಿರಿ. ಕತ್ತಲಾದ ಮೇಲೆ ಅದು ಬಂದು ಒಂದೊಂದಾಗಿ ಕಚ್ಚಿಕೊಂಡು ಹೋಗುತ್ತದೆ. ಬೆಕ್ಕು ಮರಿಗಳನ್ನು ಏಳು ಮನೆ ಸುತ್ತಿಸುತ್ತದೆ ಎಂಬ ಮಾತು ಕಾಡಿನ ಬೆಕ್ಕಿಗೂ ಹೊಂದುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಕಾಡುಬೆಕ್ಕುಗಳನ್ನು ಹಿಡಿಯುವುದೂ ಸಾಕುವುದೂ ಅಪರಾಧ. ಗಾಯಗೊಂಡ ಮರಿ ಸಿಕ್ಕರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ.

ಚಿರತೆಯ ನೆರೆಯಲ್ಲಿ

ನೆಲಮಂಗಲ ತಾಲೂಕಿನವರಿಗೆ ಚಿರತೆಯ ವಿಷಯ ಹೇಳಬೇಕಾಗಿಲ್ಲ. ಶಿವಗಂಗೆ ಬೆಟ್ಟದ ಸುತ್ತಮುತ್ತ ಅದರ ಓಡಾಟ ಇದ್ದೇ ಇದೆ. 2024ರ ನವೆಂಬರ್‌ನಲ್ಲಿ ಕಂಬಾಳು ಗೊಲ್ಲರಹಟ್ಟಿಯಲ್ಲಿ ಹುಲ್ಲು ತರಲು ಹೋಗಿದ್ದ ಮಹಿಳೆಯೊಬ್ಬರು ಚಿರತೆಗೆ ಬಲಿಯಾದರು. ಬೆಳಿಗ್ಗೆ ಸಂಜೆ ಹುಲ್ಲು ಸೌದೆಗೆ ಹೋಗುವವರು ಹೆಣ್ಣುಮಕ್ಕಳೇ ಆದ್ದರಿಂದ ಅಪಾಯವೂ ಅವರಿಗೇ ಹೆಚ್ಚು. ಇಂಥ ಸಾವು ನಡೆದ ಊರಿನಲ್ಲಿ ಪ್ರಾಣಿದಯೆಯ ಮಾತಾಡುವುದು ಸುಲಭವಲ್ಲ. ಆ ಭಯ ನಿಜವಾದದ್ದು. 2024ರಲ್ಲಿ ಪ್ರಕಟವಾದ ಅಂದಾಜಿನಂತೆ ಕರ್ನಾಟಕದಲ್ಲಿ 1,879 ಚಿರತೆಗಳಿವೆ. ಅವುಗಳೊಂದಿಗೆ ಎಚ್ಚರದಿಂದ ಬಾಳುವುದನ್ನು ಕಲಿಯದೆ ನಮಗೆ ಬೇರೆ ದಾರಿಯಿಲ್ಲ.

ನಸುಕಿನಲ್ಲಿ, ಮುಸ್ಸಂಜೆಯಲ್ಲಿ ಒಬ್ಬರೇ ಹುಲ್ಲು ಕೊಯ್ಯಲು ಹೋಗಬೇಡಿ. ಇಬ್ಬರು ಮೂವರು ಜೊತೆಗೂಡಿ, ಮಾತಾಡುತ್ತಾ ಹೋಗಿ. ಬಗ್ಗಿ ಕೂತ ಮನುಷ್ಯ ಚಿರತೆಯ ಕಣ್ಣಿಗೆ ಸಣ್ಣ ಪ್ರಾಣಿಯಂತೆ ಕಾಣುತ್ತಾನೆ. ಆಡು ಕುರಿಗಳನ್ನು ರಾತ್ರಿ ಬಾಗಿಲಿರುವ ಕೊಟ್ಟಿಗೆಯಲ್ಲಿ ಕೂಡಿ. ಮಕ್ಕಳನ್ನು ಕತ್ತಲಲ್ಲಿ ಬಯಲಿಗೆ ಒಂಟಿಯಾಗಿ ಕಳಿಸಬೇಡಿ. ಎಲ್ಲಕ್ಕಿಂತ ಮುಖ್ಯವಾಗಿ ಮಾಂಸದ ತ್ಯಾಜ್ಯವನ್ನು ಊರ ಹೊರಗೆ ಬಯಲಿಗೆ ಸುರಿಯುವುದು ನಿಲ್ಲಬೇಕು. ತ್ಯಾಜ್ಯಕ್ಕೆ ಬೀದಿನಾಯಿಗಳು ಬರುತ್ತವೆ, ನಾಯಿಗಳಿಗಾಗಿ ಚಿರತೆ ಬರುತ್ತದೆ. ಬಕ್ರೀದ್ ದಿನಗಳಲ್ಲಿ ಕುರ್ಬಾನಿಯ ತ್ಯಾಜ್ಯವನ್ನು ಆಳವಾಗಿ ಹೂಳಿಸುವ ಹೊಣೆಯನ್ನು ಮನೆಯ ಗಂಡಸರಿಗೆ ನೀವೇ ನೆನಪಿಸಿ.

ಕಾನೂನು ಏನನ್ನುತ್ತದೆ?

1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಪ್ರಾಣಿಯನ್ನು ಹೊಡೆಯುವುದು, ಹಸಿವಿಗೆ ದೂಡುವುದು, ಸಾಕಿದ ಮೇಲೆ ಬೀದಿಪಾಲು ಮಾಡುವುದು ಎಲ್ಲವೂ ಅಪರಾಧ. ಆದರೆ ಮೊದಲ ತಪ್ಪಿಗೆ ದಂಡ ಎಷ್ಟು ಗೊತ್ತೇ? 10ರಿಂದ 50 ರೂಪಾಯಿ! 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 325ನೆಯ ಕಲಮು ಸ್ವಲ್ಪ ಗಟ್ಟಿಯಾಗಿದೆ. ಪ್ರಾಣಿಗೆ ವಿಷ ಹಾಕುವ, ಕೊಲ್ಲುವ, ಅಂಗ ಊನಮಾಡುವ ಕೃತ್ಯಕ್ಕೆ ಐದು ವರ್ಷಗಳವರೆಗೆ ಸೆರೆವಾಸವಾಗಬಹುದು. ಆದರೂ ಅಟ್ಟದ ಮೇಲಿನ ಮರಿಗಳನ್ನು ಕಾಯಲು ಯಾವ ಪೊಲೀಸರೂ ಬರುವುದಿಲ್ಲ. ಅಲ್ಲಿ ಕಾನೂನು ನಡೆಸುವವರು ಮನೆಯೊಡತಿಯರೇ.

ಸಹೋದರಿಯರೇ, ಮಕ್ಕಳು ಕರುಣೆಯನ್ನು ಪುಸ್ತಕದಿಂದ ಕಲಿಯುವುದಿಲ್ಲ. ಬಾಗಿಲಿಗೆ ಬಂದ ಬೆಕ್ಕನ್ನು ಅಮ್ಮ ಕಸಬರಿಗೆಯಿಂದ ಹೊಡೆದು ಓಡಿಸಿದರೆ ಒಂದು ಪಾಠ, ಒಂದು ಬಟ್ಟಲು ನೀರಿಟ್ಟರೆ ಇನ್ನೊಂದು ಪಾಠ. ಬೆಕ್ಕನ್ನು ಮನೆಯೊಳಗೆ ಸೇರಿಸಲೇಬೇಕೆಂದಿಲ್ಲ, ಮುದ್ದಾಡಲೇಬೇಕೆಂದಿಲ್ಲ. ಬೇಸಿಗೆಯಲ್ಲಿ ಹಿತ್ತಿಲ ನೆರಳಲ್ಲಿ ನೀರು, ಊಟದಲ್ಲಿ ಉಳಿದ ಒಂದು ಮೀನಿನ ಚೂರು, ಮರಿ ಹಾಕಿದಾಗ ಎರಡು ತಿಂಗಳ ಸಹನೆ. ಆ ಎರಡು ತಿಂಗಳಲ್ಲಿ ಮರಿಗಳಿಗೆ ಒಳ್ಳೆಯ ಮನೆ ಹುಡುಕಿ, ತಾಯಿಗೆ ಶಸ್ತ್ರಚಿಕಿತ್ಸೆ ಮಾಡಿಸಿ.

ಮುಂದಿನ ಸಲ ನಿಮ್ಮ ಮನೆಯಲ್ಲಿ ಯಾರಾದರೂ ಗೋಣಿಚೀಲ ಹುಡುಕತೊಡಗಿದರೆ, ದಯವಿಟ್ಟು ಆ ಚೀಲವನ್ನು ಅವರ ಕೈಯಿಂದ ತೆಗೆದಿಡಿ.